ಫುರ್ಟ್‌ವೆಂಗ್ಲರ್: ಮೂರು ಪೆಟ್ಟಿಗೆಗಳಲ್ಲಿ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಪಾಶ್ಚಾತ್ಯ ಸಂಗೀತ ಕೇಳುವವರ ನಡುವೆ ಜರ್ಮನಿಯ ಕಂಡಕ್ಟರ್, ಅಂದರೆ ಆರ್ಕೆಸ್ಟ್ರಾ ನಡೆಸುವವರು, ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್ (1886–1954) ಹೆಸರು ಬಂದರೆ ಜಗಳ ಖಾತ್ರಿ. ಅವರ ರೆಕಾರ್ಡು ಕೊಳ್ಳಲು ಹೊರಟವರಿಗೆ ಇನ್ನೊಂದು ಫಜೀತಿ: ಒಂದೇ ಬೆಥೋವನ್ ಐದನೇ ಸಿಂಫನಿ (ಆರ್ಕೆಸ್ಟ್ರಾಕ್ಕೆ ಬರೆದ ಹಲವು ಭಾಗಗಳ ದೊಡ್ಡ ಕೃತಿ), ಅದೇ ಕಂಡಕ್ಟರ್, ಆದರೆ 1926, 1937, 1943, 1947, 1954 ಎಂದು ಬೇರೆ ಬೇರೆ ವರ್ಷದವು. ಯಾವುದೂ ಇನ್ನೊಂದರ ಹಾಗಿಲ್ಲ. ಮೂರು ದೊಡ್ಡ ಪೆಟ್ಟಿಗೆಗಳು ಈ ರಾಶಿಯನ್ನು ಒಂದು ಹದಕ್ಕೆ ತಂದಿವೆ. ವಾರ್ನರ್ ಕಂಪನಿಯದು 55 ಸಿಡಿ, 2021ರದು, ಸ್ಟುಡಿಯೊ ಮುದ್ರಣಗಳೇ ಅದರ ಬಂಡವಾಳ. ಡಾಯ್ಚ ಗ್ರಾಮಫೋನ್‌ನದು 34 ಸಿಡಿ ಮತ್ತು ಒಂದು ಡಿವಿಡಿ, 2019ರದು. ಬರ್ಲಿನ್ ಫಿಲ್‌ಹಾರ್ಮೊನಿಕ್ ಆರ್ಕೆಸ್ಟ್ರಾ ತನ್ನದೇ ಲೇಬಲ್‌ನಲ್ಲಿ ತಂದ 22 ಡಿಸ್ಕ್‌ಗಳ ಪೆಟ್ಟಿಗೆಯಲ್ಲಿ 1939ರಿಂದ 1945ರವರೆಗಿನ ರೇಡಿಯೊ ಮುದ್ರಣಗಳಿವೆ.

ಒಂದನ್ನೇ ಕೊಳ್ಳುವುದಾದರೆ ಮೂರನೆಯದು. ವಾರ್ನರ್ ಪೆಟ್ಟಿಗೆ ದಪ್ಪಗಿದೆ, ಅಂದವಾಗಿದೆ, ಆದರೆ ಮೊದಲ ಖರೀದಿಗೆ ತಕ್ಕದ್ದಲ್ಲ. ಕಾರಣ ಈ ಮನುಷ್ಯನ ಕೆಲಸದ ರೀತಿಯಲ್ಲೇ ಇದೆ.

ತಂದೆ ಅಡಾಲ್ಫ್ ಹೆಸರಾಂತ ಪುರಾತತ್ವಜ್ಞ, ತಾಯಿ ಚಿತ್ರಕಲಾವಿದೆ. ಹುಟ್ಟಿದ್ದು ಬರ್ಲಿನ್, ಬೆಳೆದದ್ದು ಮ್ಯೂನಿಕ್. ಹುಡುಗನಿಗೆ ಆಗಬೇಕಿದ್ದದ್ದು ಸಂಗೀತ ರಚನಕಾರ. ಕಂಡಕ್ಟರ್ ವೃತ್ತಿ ಆಮೇಲೆ ಬಂದದ್ದು. 1906ರಲ್ಲಿ, ಇಪ್ಪತ್ತನೇ ವಯಸ್ಸಿಗೆ, ಮ್ಯೂನಿಕ್‌ನಲ್ಲಿ ಮೊದಲ ದೊಡ್ಡ ಕಛೇರಿಗೆ ರಚನಕಾರ ಬ್ರೂಕ್ನರ್‌ನ ಒಂಬತ್ತನೇ ಸಿಂಫನಿ ಇಟ್ಟುಕೊಂಡರು. ಹೊಸ ಗವಾಯಿಯೊಬ್ಬ ಮೊದಲ ಕಛೇರಿಯಲ್ಲೇ ಎರಡು ಗಂಟೆಯ ರಾಗಂ ತಾನಂ ಪಲ್ಲವಿಗೆ ಕೈಹಾಕಿದಂತೆ. ಆಮೇಲೆ ಲ್ಯೂಬೆಕ್, ಮಾನ್‌ಹೈಮ್. 1922ರಲ್ಲಿ ಕಂಡಕ್ಟರ್ ಆರ್ಥರ್ ನಿಕಿಶ್ ತೀರಿಕೊಂಡಾಗ ಅವರ ಬರ್ಲಿನ್ ಫಿಲ್‌ಹಾರ್ಮೊನಿಕ್ ಮತ್ತು ಲೈಪ್ಜಿಗ್ ಗೆವಾಂಡ್‌ಹೌಸ್ ಆರ್ಕೆಸ್ಟ್ರಾ ಎರಡೂ ಇವರ ಕೈಗೆ ಬಂದವು. ಆಗ ವಯಸ್ಸು 36.

ಇವರ ಸಂಗೀತದಲ್ಲಿ ಕಾಲಪ್ರಮಾಣ ನಿಂತ ನೀರಲ್ಲ. ಒಂದು ಭಾಗದ ಶುರುವಿನಲ್ಲಿ ಹಿಡಿದ ಕಾಲ ಎರಡನೇ ವಿಷಯ, ಅಂದರೆ ಎರಡನೇ ಮುಖ್ಯ ಸ್ವರವಾಕ್ಯ, ಬರುವಾಗ ಸಡಿಲಾಗುತ್ತದೆ, ಶಿಖರದ ಕಡೆ ಏರುವಾಗ ತಾನಾಗಿ ಬಿಗಿಯುತ್ತದೆ. ಒಳಗೆ ಸೇರಿಸಿಕೊಂಡ ಅಲಂಕಾರವಲ್ಲ ಇದು. ಸ್ವರ ಸಂಚಾರ ಎಲ್ಲಿಗೆ ಹೋಗುತ್ತಿದೆಯೋ ಅಲ್ಲಿಗೆ ಲಯವೂ ಹೋಗುತ್ತದೆ. ಕೈಕಡ್ಡಿ ಕೆಳಗೆ ಬೀಳುವ ಬಿಂದು ಸ್ಪಷ್ಟವಾಗಿರುತ್ತಿರಲಿಲ್ಲ, ನಡುಗುತ್ತ ಇಳಿಯುತ್ತಿತ್ತು. ಸಮ ಎಲ್ಲಿದೆ ಎಂದು ವಾದ್ಯಗಾರರು ಪರಸ್ಪರ ಕಿವಿಗೊಟ್ಟು ಹುಡುಕಬೇಕು. ಅದರಿಂದ ಚುರುಕು ಹೋಗಿ ಭಾರ ಬರುತ್ತದೆ: ಡಬಲ್ ಬಾಸ್ ಕೂದಲೆಳೆಯಷ್ಟು ಮುಂಚೆ, ಅದರ ಮೇಲೆ ಉಳಿದವರು. ದೊಡ್ಡ ಸ್ವರಮೇಳವೊಂದು ಸುತ್ತಿಗೆ ಪೆಟ್ಟಿನಂತೆ ಬೀಳದೆ ನೆಲದಿಂದ ಏಳುವುದು ಈ ಕಾರಣಕ್ಕೆ.

ಇದಕ್ಕೆ 78ರ (ನಿಮಿಷಕ್ಕೆ 78 ಸುತ್ತಿನ) ಗ್ರಾಮಫೋನ್ ತಟ್ಟೆ ಎಂಥ ಶತ್ರು ನೋಡಿ. ಹನ್ನೆರಡು ಇಂಚಿನ ತಟ್ಟೆಯ ಒಂದು ಬದಿಗೆ ಹಿಡಿಸುವುದು ನಾಲ್ಕರಿಂದ ನಾಲ್ಕೂವರೆ ನಿಮಿಷ. ಅಷ್ಟು ನುಡಿಸಿ ನಿಲ್ಲಿಸಬೇಕು, ಹೊಸ ಮೇಣದ ತಟ್ಟೆ ಏರಿಸಬೇಕು, ಮತ್ತೆ ಅದೇ ಬಿಸಿಯಲ್ಲಿ ಶುರುಮಾಡಬೇಕು. ಹದಿನೈದು ನಿಮಿಷಗಳ ದಾರಿಯನ್ನು ನೋಡಿ ಹೆಜ್ಜೆ ಹಾಕುವವರಿಗೆ ನಾಲ್ಕು ನಿಮಿಷಕ್ಕೊಂದು ಗೋಡೆ. 1926ರ ಐದನೇ ಸಿಂಫನಿಯಲ್ಲಿ ಈ ಗೋಡೆಗಳು ಎದ್ದು ಕೇಳುತ್ತವೆ. 1937ರ ಎಚ್‌ಎಂವಿ ಮುದ್ರಣದಲ್ಲಿ ಎಷ್ಟೋ ವಾಸಿ, 1938ರ ಚೈಕೋವ್‌ಸ್ಕಿ ಆರನೆಯದರಲ್ಲಿ ಗೋಡೆ ಮರೆತೇ ಹೋಗುತ್ತದೆ. ವಾರ್ನರ್ ಪೆಟ್ಟಿಗೆಯ ಹಳೆಯ ಭಾಗದಿಂದ ಒಂದೇ ಡಿಸ್ಕ್ ಆರಿಸಬೇಕೆಂದರೆ ಆ ಚೈಕೋವ್‌ಸ್ಕಿ.

ಟೇಪ್ ಬಂದ ಮೇಲೆ ಆಟವೇ ಬದಲಾಯಿತು. ಜರ್ಮನ್ ರೇಡಿಯೊ ಬಳಸಿದ ಎಇಜಿ ಮ್ಯಾಗ್ನೆಟೊಫೋನ್ ಯಂತ್ರಕ್ಕೆ 1941ರಲ್ಲಿ ಹೈ ಫ್ರೀಕ್ವೆನ್ಸಿ ಬಯಾಸ್ ಎಂಬ ಸುಧಾರಣೆ ಸೇರಿ ಸುಯ್ಯೆನ್ನುವ ಸದ್ದು ಥಟ್ಟನೆ ಇಳಿಯಿತು. ಟೇಪ್ ಓಡುತ್ತಿದ್ದದ್ದು ಸೆಕೆಂಡಿಗೆ 77 ಸೆಂಟಿಮೀಟರ್ ವೇಗದಲ್ಲಿ. ಸಾವಿರ ಮೀಟರಿನ ಒಂದು ಸುರುಳಿಗೆ ಇಪ್ಪತ್ತೊಂದೂವರೆ ನಿಮಿಷದಷ್ಟು ಸಂಗೀತ. ಹಾಗಾಗಿ ಸಿಂಫನಿಯ ಇಡೀ ಒಂದು ಭಾಗ, ಸಭಿಕರ ಎದುರು, ಮಧ್ಯೆ ನಿಲ್ಲದೆ ಸಿಕ್ಕಿತು. ಬರ್ಲಿನ್ ಪೆಟ್ಟಿಗೆಯ ಬೆಲೆ ಇರುವುದು ಇಲ್ಲಿ.

ಆ ಟೇಪುಗಳ ಪ್ರಯಾಣವೂ ಚಿಕ್ಕದಲ್ಲ. 1945ರಲ್ಲಿ ಸೋವಿಯತ್ ಸೇನೆ ಬರ್ಲಿನ್‌ನಿಂದ ಅವನ್ನು ಹೊತ್ತೊಯ್ದಿತು. ಮಾಸ್ಕೊದಲ್ಲಿ ಅವುಗಳಿಂದ ಮೆಲೋಡಿಯಾ ಎಲ್‌ಪಿಗಳು ಹುಟ್ಟಿದವು, ಪಶ್ಚಿಮದವರು ಆ ಎಲ್‌ಪಿಗಳಿಂದ ತಮ್ಮ ಎಲ್‌ಪಿ ಮಾಡಿದರು. 1987ರಲ್ಲಿ ಪ್ರತಿಗಳು ಬರ್ಲಿನ್‌ಗೆ ಮರಳಿದವು, 1991ರಲ್ಲಿ ಮೂಲ ಟೇಪುಗಳು. ನಕಲಿನ ನಕಲು ಕೇಳಿ ‘ಯುದ್ಧಕಾಲದ್ದು, ಹೀಗೇ ಇರುತ್ತೆ’ ಎಂದುಕೊಂಡವರು ಈ ಪೆಟ್ಟಿಗೆ ಕೇಳಿದರೆ ಮಾತು ಹಿಂತೆಗೆದುಕೊಳ್ಳಬೇಕಾಗುತ್ತದೆ.

ಒಳಗೆ ಏನಿದೆ? 1942 ಮಾರ್ಚ್‌ನ ಬೆಥೋವನ್ ಒಂಬತ್ತನೆಯದು ಎಲ್ಲಕ್ಕಿಂತ ಮೊದಲು. ಮೊದಲ ಭಾಗದ ನಡುವೆ ಆರಂಭದ ವಿಷಯ ಮರಳಿ ಬರುವ ಘಟ್ಟದಲ್ಲಿ ಟಿಂಪನಿ ನಗಾರಿ ಗುಡುಗುತ್ತಲೇ ಇರುತ್ತದೆ; ಮೈಕು ಆ ಭಾರಕ್ಕೆ ಬಾಗುವುದೂ ಕೇಳುತ್ತದೆ. ಅದು ತಾಂತ್ರಿಕ ದೋಷ, ನಿಜ. ಆದರೆ ಅದನ್ನು ಶುದ್ಧೀಕರಿಸಿ ತೆಗೆದಿದ್ದರೆ ಆ ಘಟ್ಟವೇ ಸಾಯುತ್ತಿತ್ತು, ತೆಗೆಯದೆ ಬಿಟ್ಟದ್ದು ಒಳ್ಳೆಯ ನಿರ್ಧಾರ. 1943 ಜೂನ್‌ನ ಐದನೆಯದು, 1943 ಡಿಸೆಂಬರ್‌ನ ಬ್ರಾಮ್ಸ್ ನಾಲ್ಕನೆಯದು, ಎಡ್ವಿನ್ ಫಿಷರ್ ಜೊತೆ ಬ್ರಾಮ್ಸ್‌ನ ಎರಡನೇ ಪಿಯಾನೊ ಕನ್ಚರ್ಟೊ (ಒಂದು ವಾದ್ಯ ಮುಂದೆ, ಆರ್ಕೆಸ್ಟ್ರಾ ಜೊತೆಗೆ ಇರುವ ಕೃತಿ), ಆರ್ಕೆಸ್ಟ್ರಾದ ಮುಖ್ಯ ಪಿಟೀಲುವಾದಕ ಎರಿಕ್ ರಾನ್ ನುಡಿಸಿದ ಬೆಥೋವನ್ ಪಿಟೀಲು ಕನ್ಚರ್ಟೊ. ಈ ಕೊನೆಯದು 1944ರ ಜನವರಿಯದು. ಅದೇ ತಿಂಗಳ 30ರಂದು ಬಾಂಬು ಬಿದ್ದು ಹಳೆಯ ಫಿಲ್‌ಹಾರ್ಮನಿ ಸಭಾಂಗಣ ನಾಶವಾಯಿತು. ಅಲ್ಲಿಂದ ಮುಂದಿನ ಡಿಸ್ಕ್‌ಗಳಲ್ಲಿ ಸಭಾಂಗಣದ ನಾದವೇ ಬೇರೆ. ಕಿವಿ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. 1944 ಅಕ್ಟೋಬರ್‌ನ ಬ್ರೂಕ್ನರ್ ಒಂಬತ್ತನೆಯದು ಸಭಿಕರಿಲ್ಲದೆ ಬೆಥೋವನ್ ಸಭಾಂಗಣದಲ್ಲಿ ಮುದ್ರಿಸಿದ್ದು, ಅದರಲ್ಲಿ ಕೆಮ್ಮಿಲ್ಲ. ಉಳಿದವುಗಳಲ್ಲಿ ಬರ್ಲಿನ್‌ನ ಚಳಿಗಾಲ ಇಡೀ ಕೆಮ್ಮುತ್ತದೆ. ಸಹಿಸದವರು ಮೊದಲೇ ತಿಳಿದಿರಲಿ.

ಕೊರತೆಗಳನ್ನೂ ಹೇಳಬೇಕು. ಬ್ರೂಕ್ನರ್ ಆರನೆಯದರ ಮೊದಲ ಭಾಗವೇ ಇಲ್ಲ, ಟೇಪ್ ಕಳೆದುಹೋಗಿದೆ. ಬ್ರಾಮ್ಸ್ ಒಂದನೆಯದರ ಕೊನೆಯ ಭಾಗ ಮಾತ್ರ ಇದೆ. ಅದು 1945 ಜನವರಿ 23ರ ಕಛೇರಿ: ಮೊದಲರ್ಧದಲ್ಲಿ ಮೋಟ್ಸಾರ್ಟ್ ನಡೆಯುವಾಗ ವಿದ್ಯುತ್ ಹೋಗಿ, ಬಹಳ ಹೊತ್ತಿನ ಮೇಲೆ ದೀಪ ಬಂದಾಗ ನೇರವಾಗಿ ಬ್ರಾಮ್ಸ್ ಎತ್ತಿಕೊಂಡರು. ಆ ತಿಂಗಳ ಕೊನೆಗೆ ವಿಯೆನ್ನಾದಲ್ಲಿ ನುಡಿಸಿ ಸ್ವಿಟ್ಜರ್ಲೆಂಡ್‌ಗೆ ದಾಟಿಬಿಟ್ಟರು. ಈ ಒಂದು ಭಾಗ ಕೇಳಿದ ಮೇಲೆ ಉಳಿದ ಮೂರು ಭಾಗ ಇಲ್ಲವಲ್ಲ ಎಂದು ಹೊಟ್ಟೆ ಉರಿಯುವುದು ಸಹಜ.

ಇಷ್ಟು ಹೇಳಿದ ಮೇಲೆ ಆ ವರ್ಷಗಳ ಪ್ರಶ್ನೆಯನ್ನು ಪಕ್ಕಕ್ಕಿಡಲಾಗದು. 1934ರಲ್ಲಿ ನಾಜಿಗಳು ರಚನಕಾರ ಹಿಂಡೆಮಿತ್ ಸಂಗೀತವನ್ನು ತುಳಿಯಹೊರಟಾಗ ಇವರು ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು, ಡಿಸೆಂಬರ್‌ನಲ್ಲಿ ಹುದ್ದೆಗಳನ್ನು ಬಿಟ್ಟರು. 1936ರಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ಕರೆಯಿತು, ಹೋಗಲಿಲ್ಲ. ಬರ್ಲಿನ್‌ನಲ್ಲೇ ಉಳಿದು ನುಡಿಸಿದರು. 1942 ಏಪ್ರಿಲ್ 19ರಂದು, ಹಿಟ್ಲರ್ ಹುಟ್ಟುಹಬ್ಬದ ಹಿಂದಿನ ದಿನ, ಒಂಬತ್ತನೇ ಸಿಂಫನಿ ನುಡಿಸಿ ನಾಜಿ ಪ್ರಚಾರ ಸಚಿವ ಗೊಬೆಲ್ಸ್ ಕೈ ಕುಲುಕಿದ ಚಿತ್ರ ಇವತ್ತಿಗೂ ಓಡಾಡುತ್ತಿದೆ. ಯಹೂದಿ ಕಲಾವಿದರಿಗೆ ಸಹಾಯ ಮಾಡಿದ್ದೂ ದಾಖಲೆಯಲ್ಲಿದೆ. ನಾಜಿ ಕಾಲದ ನಡವಳಿಕೆಯ ವಿಚಾರಣೆ ನಡೆದದ್ದು 1946ರ ಡಿಸೆಂಬರ್‌ನಲ್ಲಿ. 1947 ಮೇ 25ರಂದು ಬರ್ಲಿನ್‌ನ ಟಿಟಾನಿಯಾ ಪಲಾಸ್ಟ್‌ನಲ್ಲಿ ಮರಳಿ ವೇದಿಕೆಗೆ ಬಂದರು. ಅದೇ ವರ್ಷ ಅವರ ಪಕ್ಕ ನಿಂತು ಪಿಟೀಲು ನುಡಿಸಿದವರು ಯೆಹೂದಿ ಮೆನುಹಿನ್, ಮುಂದೆ ನಮ್ಮ ಬಿ.ಕೆ.ಎಸ್. ಅಯ್ಯಂಗಾರ್ ಅವರಿಂದ ಯೋಗ ಕಲಿತ ಅದೇ ಮೆನುಹಿನ್. ಬೇಡವೆನಿಸಿದವರು ಯುದ್ಧಕಾಲದ ಪೆಟ್ಟಿಗೆ ಬಿಟ್ಟು 1947ರ ನಂತರದವುಗಳಿಗೆ ಹೋಗಲಿ, ಅದರಲ್ಲಿ ತಪ್ಪೇನಿಲ್ಲ.

ಒಂದು ಎಚ್ಚರಿಕೆ: ಮಾರ್ಚ್‌ನ ಒಂಬತ್ತನೆಯದೂ ಏಪ್ರಿಲ್‌ನದೂ ಬೇರೆ ಬೇರೆ. ಸ್ಟ್ರೀಮಿಂಗ್‌ನಲ್ಲಿ ‘1942 ಬರ್ಲಿನ್’ ಎಂದಷ್ಟೇ ಬರೆದಿರುತ್ತಾರೆ. ಹಾಡಿದವರ ಹೆಸರು ನೋಡಿ: ಟಿಲ್ಲಾ ಬ್ರೀಮ್, ಎಲಿಜಬೆತ್ ಹಾಂಗೆನ್, ಪೀಟರ್ ಆಂಡರ್ಸ್, ರುಡಾಲ್ಫ್ ವಾಟ್ಸ್ಕ ಇದ್ದರೆ ಮಾರ್ಚ್. ಸ್ಟ್ರೀಮಿಂಗ್‌ನ ದೊಡ್ಡ ಪೀಡೆಯೇ ಇದು: ಒಂದೇ ಮುದ್ರಣ ಹತ್ತು ಲೇಬಲ್, ಹತ್ತು ಮುಖಪುಟ, ಹತ್ತು ಬಗೆಯ ಗುಣಮಟ್ಟ. ದಿನಾಂಕ, ಊರು, ಆರ್ಕೆಸ್ಟ್ರಾ ಮೂರೂ ಇಲ್ಲದ ಆಲ್ಬಮ್ ಮುಟ್ಟಬೇಡಿ.

ಶ್ರುತಿ ಇನ್ನೊಂದು ಬಲೆ. ಟೇಪನ್ನು ತಪ್ಪು ವೇಗದಲ್ಲಿ ಓಡಿಸಿ ಪ್ರತಿ ತೆಗೆದರೆ ಕಾಲವೂ ಶ್ರುತಿಯೂ ಒಟ್ಟಿಗೆ ಕೆಡುತ್ತವೆ. ಕುಖ್ಯಾತ ಉದಾಹರಣೆ 1944 ಡಿಸೆಂಬರ್‌ನ ವಿಯೆನ್ನಾ ‘ಎರೋಯಿಕಾ’, ಅಂದರೆ ಬೆಥೋವನ್ ಮೂರನೇ ಸಿಂಫನಿ. 1953ರಲ್ಲಿ ಯುರೇನಿಯಾ ಎಂಬ ಕಂಪನಿ ಕೇಳದೆ ಕೇಳಿಸದೆ ಎಲ್‌ಪಿ ಹೊರತಂದಾಗ ಫುರ್ಟ್‌ವೆಂಗ್ಲರ್ ಕೋರ್ಟಿಗೆ ಹೋದರು. ಆ ಎಲ್‌ಪಿ ಅರ್ಧ ಸ್ವರದ ಹತ್ತಿರ ಮೇಲೆ ಓಡುತ್ತದೆ. ಅರ್ಧ ಸ್ವರ ಅಂದರೆ ವೇಗದಲ್ಲಿ ಶೇಕಡಾ 6. ಐವತ್ತು ನಿಮಿಷದ ಕೃತಿಯಲ್ಲಿ ಮೂರು ನಿಮಿಷ ಮಾಯ. ಹಳೆಯ ಕೇಳುಗರು ‘ಆಹಾ, ಏನು ಉರಿ’ ಎಂದು ಹೊಗಳಿದ ಉರಿಯಲ್ಲಿ ಒಂದು ಪಾಲು ಮೋಟಾರಿನದು. ಪರೀಕ್ಷೆ ಸುಲಭ. ಫೋನಿನಲ್ಲಿ ಶ್ರುತಿ ನೋಡುವ ಯಾವುದೇ ಆ್ಯಪ್ ತೆರೆದು ಎರೋಯಿಕಾದ ಮೊದಲ ಎರಡು ಪೆಟ್ಟು ಕೇಳಿಸಿ. ಇ ಫ್ಲಾಟ್, ಅಂದರೆ 311 ಹರ್ಟ್ಸ್ ಅಥವಾ ಸ್ವಲ್ಪ ಮೇಲೆ ಬಂದರೆ ಸರಿ. 325 ದಾಟಿ 330ರ ಕಡೆ ಹೋಗುತ್ತಿದ್ದರೆ ಅದು ಇ, ಡಿಸ್ಕ್ ಕೆಳಗಿಡಿ. ವಿಯೆನ್ನಾದ್ದಾದ್ದರಿಂದ ಈ ಎರೋಯಿಕಾ ಬರ್ಲಿನ್ ಪೆಟ್ಟಿಗೆಯಲ್ಲಿ ಇಲ್ಲ, ಬೇರೆಯಾಗಿಯೇ ಕೊಳ್ಳಬೇಕು. ಕೊಳ್ಳಲೇಬೇಕು ಕೂಡ: ಎರಡನೇ ಭಾಗದ ಶವಯಾತ್ರೆಗೆ ಇದರ ಸಮ ಇಲ್ಲ.

ಕೇಳುವ ವ್ಯವಸ್ಥೆ ಬಗ್ಗೆ ನಾಲ್ಕು ಮಾತು. ಇವೆಲ್ಲ ಮೊನೊ. ‘ಸ್ಟೀರಿಯೊ’ ಅಂತ ಬರೆದಿದ್ದರೆ ಅದು ಆಮೇಲೆ ಹಚ್ಚಿದ ಬಣ್ಣ. ಜರ್ಮನಿಯ ಇಲೆಕ್ಟ್ರೋಲಾ ಕಂಪನಿಯ ಹಳೆಯ ಎಲ್‌ಪಿಗಳ ಮೇಲೆ ‘ಬ್ರೈಟ್‌ಕ್ಲಾಂಗ್’ ಎಂದು ಅಚ್ಚಾಗಿರುವುದು ಅದೇ. ಹಳೆ ರೆಕಾರ್ಡು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕರೂ ಬೇಡ. ಎಲ್‌ಪಿ ಹಾಕುವವರು ಆ್ಯಂಪ್ಲಿಫೈಯರ್‌ನ ಮೊನೊ ಗುಂಡಿ ಒತ್ತಿ, ಗೀರಿನ ಸದ್ದು ಎಷ್ಟೋ ತಗ್ಗುತ್ತದೆ. ಸಿಡಿ ಹಾಕುವವರು ಟ್ರೆಬಲ್ ಕತ್ತರಿಸಬೇಡಿ. ಸುಯ್ಯೆನ್ನುವುದರ ಜೊತೆ ಪಿಟೀಲಿನ ಮೈಯೂ ಹೋಗುತ್ತದೆ, ಸುಯ್ಯೆನ್ನುವುದನ್ನು ಐದು ನಿಮಿಷದಲ್ಲಿ ಕಿವಿ ತಾನೇ ಮರೆಯುತ್ತದೆ. ಬರ್ಲಿನ್ ಪೆಟ್ಟಿಗೆಯ ಡಿಸ್ಕ್‌ಗಳು ಎಸ್‌ಎಸಿಡಿ ಹೈಬ್ರಿಡ್, ಸಾಮಾನ್ಯ ಸಿಡಿ ಪ್ಲೇಯರ್‌ನಲ್ಲೂ ಓಡುತ್ತವೆ. ಅದಕ್ಕೆಂದು ಹೊಸ ಯಂತ್ರ ಕೊಳ್ಳುವುದು ದುಂದು. ಹೆಡ್‌ಫೋನ್‌ಗಿಂತ ಸ್ಪೀಕರ್ ಮೇಲು. ಮೊನೊ ಸಂಗೀತ ಹೆಡ್‌ಫೋನಿನಲ್ಲಿ ನೆತ್ತಿಯ ನಡುವೆ ಗೂಡು ಕಟ್ಟಿ ಕೂರುತ್ತದೆ.

ಇನ್ನು ವಾರ್ನರ್ ಪೆಟ್ಟಿಗೆ. ಧ್ವನಿ ಶುದ್ಧೀಕರಣ ಹೊಸದು, ಹಿಂದಿನ ಇಎಂಐ ಸಿಡಿಗಳಿಗಿಂತ ತಳ ಗಟ್ಟಿ. ವಿಯೆನ್ನಾದ ಮುಜಿಕ್‌ಫರೈನ್ ಸಭಾಂಗಣದಲ್ಲಿ 1950ರಿಂದ 1954ರವರೆಗೆ ಎಚ್‌ಎಂವಿಗೆ ಮಾಡಿದ ಬೆಥೋವನ್ ಸಿಂಫನಿಗಳು ಶಾಂತ, ವಿಶಾಲ, ಕೆಲವೊಮ್ಮೆ ನಿದ್ದೆಯ ಅಂಚು. 1952ರ ಆರನೆಯದು ನಿಧಾನವೆಂದರೆ ನಿಧಾನ, ಹೊಳೆದಂಡೆಯಲ್ಲಿ ಬೇಸಿಗೆ ಮಧ್ಯಾಹ್ನ. ಇದೇ ಸರಣಿಯ ಎರಡನೆಯದನ್ನೂ ಎಂಟನೆಯದನ್ನೂ ಅವರು ಸ್ಟುಡಿಯೊದಲ್ಲಿ ಮಾಡಲೇ ಇಲ್ಲ. ‘ಸಂಪೂರ್ಣ ಒಂಬತ್ತು’ ಎಂದು ಮಾರುವ ಹಳೆಯ ಸೆಟ್‌ಗಳಲ್ಲಿ ಆ ಎರಡು ಜಾಗಕ್ಕೆ 1948ರ ಲಂಡನ್ ಮತ್ತು ಸ್ಟಾಕ್‌ಹೋಮ್ ಕಛೇರಿಗಳನ್ನು ತುರುಕಿದ್ದಾರೆ. ಲಂಡನ್‌ನದು ಕಂಬಳಿ ಹೊದ್ದು ಕೇಳಿದಂತಿದೆ.

ಪೆಟ್ಟಿಗೆಯ ದುಡ್ಡು ತೀರಿಸುವುದು 1952 ಜೂನ್‌ನಲ್ಲಿ ಲಂಡನ್‌ನ ಕಿಂಗ್ಸ್‌ವೇ ಹಾಲ್‌ನಲ್ಲಿ ಫಿಲ್‌ಹಾರ್ಮೊನಿಯಾ ಆರ್ಕೆಸ್ಟ್ರಾ ಜೊತೆ ಮಾಡಿದ ವಾಗ್ನರ್‌ನ ಒಪೆರಾ ‘ಟ್ರಿಸ್ಟಾನ್’. ಸ್ಟುಡಿಯೊವನ್ನು ನಂಬದವರು ಸ್ಟುಡಿಯೊದಲ್ಲೇ ಮಾಡಿದ ಮೇರು ಕೆಲಸ ಇದು, ವಾದ ಇಲ್ಲ. ಐಸೋಲ್ಡ ಪಾತ್ರದ ಕರ್ಸ್ಟನ್ ಫ್ಲಾಗ್‌ಸ್ಟಾಡ್‌ಗೆ ಆಗ ಐವತ್ತಾರು. ಎರಡನೇ ಅಂಕದ ತಾರಸ್ಥಾಯಿಯ ಸಿ ಸ್ವರಗಳನ್ನು ಎಲಿಜಬೆತ್ ಶ್ವಾರ್ಟ್ಸ್‌ಕೋಫ್ ಹಾಡಿ ಕೊಟ್ಟರು. ಗೊತ್ತಿದ್ದು ಕೇಳಿದರೂ ಬೆಸುಗೆ ಕಾಣದು. ಈ ಟ್ರಿಸ್ಟಾನ್ ಬಿಡಿಯಾಗಿಯೂ ಸಿಗುತ್ತದೆ. ಅದಕ್ಕೇ 55 ಸಿಡಿಗೆ ಕೈಹಾಕುವ ಮುಂಚೆ ಯೋಚಿಸಿ ಎಂದದ್ದು.

ಬೆಥೋವನ್ ಒಂಬತ್ತನೆಯದಕ್ಕೆ ಮರಳಿ. 1951 ಜುಲೈ 29ರಂದು ಯುದ್ಧಾನಂತರ ವಾಗ್ನರ್ ಒಪೆರಾಗಳ ಬೈರಾಯ್ಟ್ ಉತ್ಸವ ಮತ್ತೆ ಬಾಗಿಲು ತೆರೆದ ಸಂಜೆಯದು ಎಲ್ಲರ ಬಾಯಲ್ಲೂ ಇದೆ. ಮೂರು ರೂಪದಲ್ಲಿ ಸಿಗುತ್ತದೆ: ಇಎಂಐ ಹೊರತಂದದ್ದು, ಬವೇರಿಯಾ ರೇಡಿಯೊ ಟೇಪಿನಿಂದ ಓರ್ಫಿಯೊ ತಂದದ್ದು, ಸ್ವೀಡನ್ ರೇಡಿಯೊ ಪ್ರಸಾರದಿಂದ ಬಿಐಎಸ್ 2021ರಲ್ಲಿ ತಂದದ್ದು. ಇವು ಒಂದೇ ಅಲ್ಲ. ರಿಹರ್ಸಲ್‌ನಿಂದ ಎಷ್ಟು ಕತ್ತರಿಸಿ ಅಂಟಿಸಿದ್ದಾರೆಂಬ ಚರ್ಚೆ ನಿಂತಿಲ್ಲ. ಕತ್ತರಿ ಬೇಡವೆನ್ನುವವರಿಗೆ ಬಿಐಎಸ್: ನಿರೂಪಕರ ಮಾತು, ಕಾಯುವ ಮೌನ, ಎಲ್ಲ ಇದೆ. ಮೂರನೇ ಭಾಗಕ್ಕೆ ಬೇರೆಯವರು ಹದಿನಾಲ್ಕು ಹದಿನೈದು ನಿಮಿಷ ತೆಗೆದುಕೊಂಡರೆ ಇಲ್ಲಿ ಇಪ್ಪತ್ತರ ಹತ್ತಿರ. ಕೊನೆಯ ಓಟದಲ್ಲಿ ಆರ್ಕೆಸ್ಟ್ರಾ ಚದುರಿ ಬಿದ್ದೇಳುತ್ತ ಮುಗಿಸುತ್ತದೆ. ಅಚ್ಚುಕಟ್ಟು ಬೇಕಿದ್ದವರು 1954 ಆಗಸ್ಟ್ 22ರ ಲೂಸರ್ನ್ ಕಛೇರಿಯನ್ನು ಆಡಿಟೆ ಲೇಬಲ್‌ನಲ್ಲಿ ಕೊಳ್ಳಲಿ. ಇವರ ಒಂಬತ್ತನೆಯದರಲ್ಲಿ ಧ್ವನಿ ಇಷ್ಟು ತಿಳಿಯಾಗಿರುವುದು ಇನ್ನೊಂದಿಲ್ಲ; ಉರಿ ಕಡಿಮೆ, ಬೆಳಕು ಹೆಚ್ಚು.

ಡಾಯ್ಚ ಗ್ರಾಮಫೋನ್ ಪೆಟ್ಟಿಗೆಯ ಸ್ಟುಡಿಯೊ ಭಾಗ ವಾರ್ನರ್‌ನಲ್ಲೂ ಇದೆ, ಎರಡನ್ನೂ ಕೊಂಡರೆ ಪುನರಾವರ್ತನೆ. ಆದರೆ ಬರ್ಲಿನ್‌ನ ಯೇಸು ಕ್ರಿಸ್ತ ಚರ್ಚಿನಲ್ಲಿ ಮುದ್ರಿಸಿದ 1951ರ ಶೂಬರ್ಟ್ ಒಂಬತ್ತು, ಹೈಡನ್ 88, 1953ರ ಶೂಮನ್ ನಾಲ್ಕು ಯಾವ ರೂಪದಲ್ಲಾದರೂ ಇರಲೇಬೇಕು. ಶೂಮನ್‌ನಲ್ಲಿ ಮೂರನೇ ಭಾಗದಿಂದ ನಾಲ್ಕನೆಯದಕ್ಕೆ ದಾಟುವ ಒಂದೆರಡು ನಿಮಿಷ ಸಾಕು, ಕಾಲ ಬಿಗಿಯುವುದೆಂದರೆ ಏನೆಂದು ತಿಳಿಯಲು. ಹೊಸಬರಿಗೆ ಮೊದಲು ಕೊಡಬೇಕಾದ ಡಿಸ್ಕ್ ಅದೇ.

ರಚನಕಾರ ಫುರ್ಟ್‌ವೆಂಗ್ಲರ್ ಸಿಗುವುದೂ ಆ ಚರ್ಚಿನಲ್ಲೇ. ತಮ್ಮನ್ನು ಅವರು ಕೊನೆಯವರೆಗೂ ರಚನಕಾರನೆಂದೇ ತಿಳಿದಿದ್ದರು. ಇ ಮೈನರ್‌ನ ಎರಡನೇ ಸಿಂಫನಿಯನ್ನು ಯುದ್ಧದ ಕೊನೆಯ ದಿನಗಳಲ್ಲಿ ಬರೆದರು, 1948ರಲ್ಲಿ ಮೊದಲು ನುಡಿಸಿದರು, 1951ರಲ್ಲಿ ಮುದ್ರಿಸಿದರು. ಎಂಬತ್ತು ನಿಮಿಷ ದಾಟುತ್ತದೆ, ಒಂದು ಸಿಡಿಗೆ ಹಿಡಿಸದು. ನಿಷ್ಠುರವಾಗಿ ಹೇಳುವುದಾದರೆ, ವಿಷಯಗಳು ಚೆನ್ನಾಗಿವೆ, ನಿಲ್ಲುವುದು ಗೊತ್ತಿಲ್ಲ. ಒಂದು ಪದಗುಚ್ಛ ಹಿಡಿದರೆ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಒಯ್ಯುತ್ತಾರೆ, ಮತ್ತೆ ಒಯ್ಯುತ್ತಾರೆ. ಬ್ರೂಕ್ನರ್‌ನಲ್ಲಿ ನಡುನಡುವೆ ಬರುವ ಮೌನ ಇಲ್ಲಿಲ್ಲ. ಎರಡನೇ ಭಾಗ ಮಾತ್ರ ಅಪ್ಪಟ. ಅಷ್ಟನ್ನು ಕೇಳಿ ಹಿಡಿಸಿದರೆ ಉಳಿದದ್ದಕ್ಕೆ ಹೋಗಿ. 1954ರಲ್ಲಿ ಹನ್ನೊಂದು ವರ್ಷದ ಹುಡುಗನಾಗಿ ಇವರೆದುರು ಪಿಯಾನೊ ನುಡಿಸಿದ ಡ್ಯಾನಿಯೆಲ್ ಬಾರೆನ್‌ಬೊಯ್ಮ್ ಮುಂದೆ ಶಿಕಾಗೊ ಸಿಂಫನಿಯೊಡನೆ ಈ ಕೃತಿ ಮುದ್ರಿಸಿದರು. ಧ್ವನಿ ಅದರಲ್ಲಿ ಎಷ್ಟೋ ಸ್ಪಷ್ಟ. ಪಿಯಾನೊ ಮತ್ತು ಆರ್ಕೆಸ್ಟ್ರಾದ ‘ಸಿಂಫೋನಿಕ್ ಕನ್ಚರ್ಟೊ’ ಪೂರ್ತಿ ಬೇಡ, ಎಡ್ವಿನ್ ಫಿಷರ್ ಜೊತೆ 1939ರಲ್ಲಿ ಎಚ್‌ಎಂವಿಗೆ ಮಾಡಿದ ನಿಧಾನದ ಭಾಗ ಒಂದು ಸಾಕು. ಮೂರನೇ ಸಿಂಫನಿಯ ಕೊನೆಯ ಭಾಗವನ್ನು ತಿದ್ದಿ ಮುಗಿಸುವಷ್ಟರಲ್ಲಿ, 1954 ನವೆಂಬರ್ 30ರಂದು, ತೀರಿಕೊಂಡರು.

ಪೆಟ್ಟಿಗೆಗಳ ಹೊರಗೆ ಒಂದು ಡಿಸ್ಕ್ ಕನ್ನಡಿಗರ ಕಪಾಟಿನಲ್ಲಿ ಇರತಕ್ಕದ್ದು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳ ಪ್ರಥಮ ಪ್ರದರ್ಶನ ನಡೆದದ್ದು 1950 ಮೇ 22ರಂದು ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ಫ್ಲಾಗ್‌ಸ್ಟಾಡ್, ಆರ್ಕೆಸ್ಟ್ರಾ ಫಿಲ್‌ಹಾರ್ಮೊನಿಯಾ, ನಡೆಸಿದವರು ಫುರ್ಟ್‌ವೆಂಗ್ಲರ್. ಹಣದ ಭರವಸೆ ಕೊಟ್ಟವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್: 4,800 ಡಾಲರ್, ಕಛೇರಿಯನ್ನು ಮುದ್ರಿಸಿ ಮೈಸೂರಿಗೆ ಕಳಿಸಬೇಕೆಂಬ ಕೋರಿಕೆಯೊಡನೆ. ಆಗ ಅವರಿಗೆ ಮೂವತ್ತು. ಅವರ ಸಂಗ್ರಹದಲ್ಲಿ ಇಪ್ಪತ್ತು ಸಾವಿರದಷ್ಟು ರೆಕಾರ್ಡುಗಳಿದ್ದವೆಂದು ಅಂದಾಜು. ಫಿಲ್‌ಹಾರ್ಮೊನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ರಷ್ಯದ ರಚನಕಾರ ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಚರ್ಟೊವನ್ನು ಅರ್ಪಿಸಿದ್ದೂ ಅವರಿಗೇ.

ಮುದ್ರಣ ಆದದ್ದು ಅಸಿಟೇಟ್ ತಟ್ಟೆಗಳ ಮೇಲೆ. ಅಸಿಟೇಟ್ ಅಂದರೆ ಲೋಹದ ಮೇಲೆ ಮೆತ್ತನೆಯ ಲೇಪ. ಸೂಜಿ ಪ್ರತಿ ಸಲ ಓಡಿದಾಗಲೂ ಒಂದಿಷ್ಟು ಕೆರೆದು ಹೋಗುತ್ತದೆ. ಎಲ್‌ಪಿಗೆ ಇಳಿಸುವ ಹೊತ್ತಿಗೆ ತಟ್ಟೆಗಳು ಬಹಳ ಸವೆದಿದ್ದವು, ಮೊದಲ ಎಲ್‌ಪಿ ಕೇಳಲು ಕಷ್ಟ. 2007ರಲ್ಲಿ ಟೆಸ್ಟಮೆಂಟ್ ಲೇಬಲ್‌ಗೆ ರೋಜರ್ ಬಿಯರ್ಡ್ಸ್‌ಲೀ, 2014ರಲ್ಲಿ ಪ್ರಿಸ್ಟೀನ್‌ಗೆ ಆಂಡ್ರೂ ರೋಸ್ ಮತ್ತೆ ಶುದ್ಧೀಕರಿಸಿದರು. ಇವೆರಡರಲ್ಲಿ ಯಾವುದಾದರೂ ಸರಿ, ಅದಕ್ಕೂ ಹಿಂದಿನದು ಬೇಡ. ಚಿಟಪಟ ಇದೆ, ಆರ್ಕೆಸ್ಟ್ರಾ ದೂರದಲ್ಲಿದೆ, ದೊಡ್ಡ ಸ್ವರದಲ್ಲಿ ಧ್ವನಿ ಒಡೆಯುತ್ತದೆ. ಹಾಡುಗಳ ಕ್ರಮವೂ ಇವತ್ತಿನದಲ್ಲ: ಮೊದಲು ‘ಮಲಗುವ ಮುನ್ನ’, ಆಮೇಲೆ ‘ಸೆಪ್ಟೆಂಬರ್’, ‘ವಸಂತ’, ಕೊನೆಗೆ ‘ಸಂಜೆಗೆಂಪಿನಲ್ಲಿ’. ಟ್ರ್ಯಾಕ್ ಪಟ್ಟಿ ತಪ್ಪಾಗಿದೆಯೆಂದು ಡಿಸ್ಕ್ ವಾಪಸು ಕಳಿಸಬೇಡಿ.